ಮಳೆಗೆ ಕಾದ ಗೋಪುರ

ಆ ವರ್ಷ ಜೂನ್ ತಿಂಗಳಲ್ಲಿ ನಮ್ಮೂರಿನಲ್ಲಿ ಮಳೆ ಬರಲಿ ಎಂದು ಕಾಯುತ್ತಿದ್ದವನು ಅನತೋಲ್ ಒಬ್ಬನೇ. ಉಳಿದವರ ಹುಲ್ಲು ಹೊಲದಲ್ಲಿತ್ತು. ಕೊಯ್ದು ಒಣಗಲು ಬಿಟ್ಟ ಹುಲ್ಲಿನ ಮೇಲೆ ಮಳೆ ಬಿದ್ದರೆ ಏನಾಗುತ್ತದೆಂದು ನಾರ್ಮಂಡಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಬೆಳಿಗ್ಗೆ ಬ್ರೆಡ್ ಅಂಗಡಿಯ ಮುಂದೆ ಅನತೋಲ್ ತಲೆಯೆತ್ತಿ ಆಕಾಶ ನೋಡಿದನೆಂದರೆ ಸಾಲಿನಲ್ಲಿ ನಿಂತವರಿಗೆಲ್ಲ ಮೈ ಉರಿಯುತ್ತಿತ್ತು.

"ಏನಜ್ಜಾ, ಇವತ್ತೂ ಮೇಲಕ್ಕೆ ಅರ್ಜಿ ಹಾಕಿದ್ರಾ?" ಎಂದು ರೌಲ್ ಕೇಳುತ್ತಿದ್ದ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹುಲ್ಲುಗಾವಲು ಅವನದು, ಎಲ್ಲರಿಗಿಂತ ದೊಡ್ಡ ಗಂಟಲೂ ಅವನದೇ.

"ಹಾಕಿದೀನಪ್ಪ. ರೌಲ್ ಹೊಲ ಒಂದು ಬಿಟ್ಟು ಮಿಕ್ಕ ಕಡೆ ಸುರೀಲಿ ಅಂತ ಬರ್ದಿದೀನಿ."

"ಅಷ್ಟು ಸಣ್ಣ ಅಕ್ಷರ ಅಲ್ಲಿರೋರಿಗೆ ಕಾಣ್ಸಲ್ಲ. ಸ್ವಲ್ಪ ದಪ್ಪಕ್ಕೆ ಬರೀರಿ!"

ಎಲ್ಲರೂ ನಗುತ್ತಿದ್ದರು. ಅನತೋಲನೂ ನಗುತ್ತಿದ್ದ. ಆದರೆ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆ ಮನೆ ಕಡೆ ನಡೆಯುವಾಗ ಅವನ ಮುಖದಲ್ಲಿ ನಗು ಇರುತ್ತಿರಲಿಲ್ಲ. "ಇನ್ನು ಹದಿನೇಳು ದಿನ, ಟೀಚರಮ್ಮ" ಎನ್ನುತ್ತಿದ್ದ. ಮಾರನೆಯ ದಿನ "ಹದಿನಾರು" ಎನ್ನುತ್ತಿದ್ದ.

ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ನಾನು ರುಆಂ ನಗರದ ಕಾಲೇಜಿನಲ್ಲಿ ಇತಿಹಾಸ ಓದಿ ಮೂವತ್ತೈದು ವರ್ಷ ಅದನ್ನೇ ಕಲಿಸಿ ಊರಿಗೆ ಮರಳಿದೆ. ಅವನು ಊರು ಬಿಟ್ಟು ಹೋಗಲೇ ಇಲ್ಲ. ಮೋರ್‌ಬೆಕ್ ಎಸ್ಟೇಟಿನ ಪಾರಿವಾಳಗಳನ್ನು ಅವನ ಅಜ್ಜ ನೋಡಿಕೊಂಡರು, ಅಪ್ಪ ನೋಡಿಕೊಂಡರು, ಆಮೇಲೆ ಅವನು.

ನನ್ನ ಅಡುಗೆಮನೆಯ ಕಿಟಕಿ ಎಸ್ಟೇಟಿನ ಅಂಗಳಕ್ಕೆ ತೆರೆಯುತ್ತದೆ. ಪಾತ್ರೆ ತೊಳೆಯುತ್ತ ತಲೆಯೆತ್ತಿದರೆ ಕಾಣುವುದು ಆ ಪಾರಿವಾಳಗಳ ಗೋಪುರವೇ. ನಾನೂರು ವರ್ಷ ಹಳೆಯದು. ದುಂಡಗೆ, ದಪ್ಪಗೆ, ಕೆಂಪು ಇಟ್ಟಿಗೆಯ ಒಂದು ಪಟ್ಟಿ, ಬೂದು ಚಕಮಕಿ ಕಲ್ಲಿನ ಒಂದು ಪಟ್ಟಿ, ಮತ್ತೆ ಇಟ್ಟಿಗೆ, ಮತ್ತೆ ಕಲ್ಲು. ಅರ್ಧ ಎತ್ತರದಲ್ಲಿ ಸುತ್ತಲೂ ಕಲ್ಲಿನ ಅಂಚೊಂದು ಹೊರಚಾಚಿಕೊಂಡಿದೆ. ಸೊಗಸಿಗೆ ಮಾಡಿದ್ದು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅದು ಇಲಿಗಳಿಗಾಗಿ ಮಾಡಿದ್ದು. ಗೋಡೆ ಹತ್ತಿ ಮೊಟ್ಟೆ ಕದಿಯಲು ಬರುವ ಇಲಿ ಆ ಅಂಚಿಗೆ ತಲೆ ತಾಗಿಸಿಕೊಂಡು ಬಂದ ದಾರಿಗೇ ಬೀಳುತ್ತದೆ. ಕಟ್ಟಿದವನಿಗೆ ಇಲಿಯ ಬುದ್ಧಿಯೂ ತಿಳಿದಿತ್ತು, ಅಂದವೂ ತಿಳಿದಿತ್ತು. ಅದರ ಮೇಲೆ ಕಪ್ಪು ಸ್ಲೇಟುಕಲ್ಲಿನ ಚೂಪು ಛಾವಣಿ. ಛಾವಣಿಯ ನೆತ್ತಿಯಲ್ಲಿ ಹಕ್ಕಿಗಳು ಹೋಗಿಬರಲು ಪುಟ್ಟ ಕಿಟಕಿಮಾಡ.

ಒಳಗೆ ಮೊದಲ ಸಲ ಹೋದಾಗ ನನಗೆ ಏಳು ವರ್ಷ. ಅನತೋಲನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಬಾಗಿಲು ಎಷ್ಟು ಗಿಡ್ಡವೆಂದರೆ ಎಸ್ಟೇಟಿನ ಯಜಮಾನರೂ ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಬೀಗ ತೆಗೆದ ಮೇಲೂ ಅವರು ಬಾಗಿಲು ತಳ್ಳಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರು. ಎರಡು ಸಲ, ಒಂದು ಉಸಿರಿನಷ್ಟು ಬಿಟ್ಟು ಮತ್ತೊಂದು ಸಲ.

"ಒಳಗೆ ಯಾರಿದಾರೆ?" ಎಂದು ಕೇಳಿದೆ.

"ಮನೆಯೋರು ಇದಾರಲ್ಲಮ್ಮ. ಹೇಳ್ದೆ ಕೇಳ್ದೆ ನುಗ್ಗಿದ್ರೆ ಗಾಬರಿ ಬೀಳಲ್ವಾ? ಗಾಬರಿ ಬಿದ್ದ ಹಕ್ಕಿ ಮೊಟ್ಟೆ ಬಿಟ್ಟು ಹಾರುತ್ತೆ. ಎರಡು ಸಲ ಹಾಗಾದ್ರೆ ಮೂರನೇ ಸಲ ಊರೇ ಬಿಡುತ್ತೆ."

ಒಳಗೆ ಕಾಲಿಟ್ಟು ತಲೆಯೆತ್ತಿದೆ. ನೆಲದಿಂದ ಛಾವಣಿಯವರೆಗೆ ಸುತ್ತಲೂ ಗೂಡುಗಳೇ. ಸಾವಿರದ ನೂರು ಗೂಡುಗಳು, ಒಂದರ ಪಕ್ಕ ಒಂದು, ಜೇನುಗೂಡಿನ ಹಾಗೆ. ನಡುವೆ ನೆಲದಿಂದ ನೆತ್ತಿಯವರೆಗೆ ನಿಂತ ಒಂದು ಓಕ್ ಮರದ ಕಂಬ. ಆ ಕಂಬದಿಂದ ಚಾಚಿದ ತೋಳುಗಳಿಗೆ ಕಟ್ಟಿದ ಉದ್ದನೆಯ ಏಣಿ. ಕಂಬದ ಬುಡದಲ್ಲಿ ಕಬ್ಬಿಣದ ಮೊಳೆ, ಆ ಮೊಳೆಗೆ ನೆಲದಲ್ಲೊಂದು ಕಲ್ಲಿನ ಬಟ್ಟಲು. ಏಣಿಯ ಮೇಲೆ ಕೂತವನು ಗೋಡೆಯನ್ನು ಒಂದು ಬೆರಳಿನಿಂದ ನೂಕಿದರೆ ಸಾಕು, ಇಡೀ ಕಂಬ, ತೋಳು, ಏಣಿ, ಏಣಿಯ ಮೇಲಿನ ಮನುಷ್ಯ ಎಲ್ಲ ಒಟ್ಟಿಗೆ ಸದ್ದಿಲ್ಲದೆ ತಿರುಗುತ್ತವೆ. ನೆಲಕ್ಕಿಳಿಯದೆ ಯಾವ ಗೂಡಿಗೆ ಬೇಕಾದರೂ ಕೈ ಹಾಕಬಹುದು. ಆಮೇಲೆ ನಾನು ಎಷ್ಟೋ ಅರಮನೆ ನೋಡಿದ್ದೇನೆ. ಒಂದು ಬೆರಳಿಗೆ ತಿರುಗುವ ಅರಮನೆ ಬೇರೆ ಕಂಡಿಲ್ಲ.

ಇಂಥ ಗೋಪುರಗಳನ್ನು ಹಿಂದೆ ಜನ ದ್ವೇಷಿಸುತ್ತಿದ್ದರು ಎಂಬುದೂ ನಿಜ. ಪಾರಿವಾಳ ಸಾಕುವ ಹಕ್ಕು ಜಮೀನ್ದಾರರದು, ಅವು ತಿನ್ನುವ ಬಿತ್ತನೆ ಕಾಳು ರೈತರದು. ಕ್ರಾಂತಿಯ ವರ್ಷ ಸುತ್ತಲಿನ ಊರುಗಳಲ್ಲಿ ಗೋಪುರ ಎಂಬುದು ಉಳಿಯಲಿಲ್ಲ. ನಮ್ಮದು ಹೇಗೆ ಉಳಿಯಿತೆಂದು ನಮ್ಮೂರ ಅಜ್ಜಿಯರು ಹೇಳುತ್ತಿದ್ದರು. ಆ ಕಾಲದ ಯಜಮಾನಿ ಪ್ರತಿ ಬಿತ್ತನೆಗೂ ಹದಿನೆಂಟು ದಿನ ನೆತ್ತಿಯ ಕಿಟಕಿ ಮುಚ್ಚಿಸಿ, ಹಕ್ಕಿಗಳಿಗೆ ತನ್ನ ಕಣಜದ ಕಾಳು ಹಾಕಿಸುತ್ತಿದ್ದಳಂತೆ. ಗೋಪುರ ಕೆಡವಲು ಬಂದವರು ಬಾಗಿಲವರೆಗೂ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಂದೊಂದು ಬುಟ್ಟಿ ಹಿಕ್ಕೆಗೊಬ್ಬರ ತುಂಬಿಕೊಂಡು ವಾಪಸಾದರಂತೆ. ಇದಕ್ಕೆ ಕಾಗದಪತ್ರದ ಆಧಾರ ನನಗೆ ಸಿಕ್ಕಿಲ್ಲ. ಆದರೆ ಗೋಪುರ ನಿಂತಿದೆ.

ಆ ಗೋಪುರದ ಛಾವಣಿಯನ್ನು ಒಂದು ಚಳಿಗಾಲದ ಬಿರುಗಾಳಿ ಅರ್ಧ ಕಿತ್ತುಹಾಕಿತು. ಕಂಬದ ಬುಡ ಕೊಳೆತಿರುವುದೂ ಆಗಲೇ ಗೊತ್ತಾಯಿತು. ರಿಪೇರಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇದ್ದ ಹಕ್ಕಿಗಳೆಲ್ಲ ದೂರದ ಸಕ್ಕರೆ ಕಾರ್ಖಾನೆಯ ಉಗ್ರಾಣಗಳ ಕಡೆ ಹಾರಿಹೋದವು. ಒಂದೂ ಮರಳಲಿಲ್ಲ.

ಕಂಬ ಸರಿಮಾಡಲು ಬಂದ ಬಡಗಿ ಮಾಯೆಲ್ ಎಂಬ, ಪಕ್ಕದ ಬ್ರಿಟನಿ ಪ್ರಾಂತ್ಯದ ಹೆಂಗಸು. ಮೂವತ್ತು ದಾಟಿರಲಿಲ್ಲ. ಅನತೋಲ್ ಮೊದಲ ದಿನ ಅವಳನ್ನು ಮೇಲಿಂದ ಕೆಳಗೆ ನೋಡಿ, "ಕಂಬ ಪೂರ್ತಿ ಬದಲಾಯಿಸ್ತೀಯೇನಮ್ಮ, ಮರದ ಡಾಕ್ಟ್ರೇ?" ಎಂದ.

"ನಿಮ್ಮ ಮೊಣಕಾಲು ನೋವು ಅಂದ್ರೆ ನಿಮ್ಮನ್ನೇ ಬದಲಾಯಿಸ್ತಾರಾ ತಾತ?" ಎಂದಳು ಅವಳು.

ಕೊಳೆತ ಎರಡು ಅಡಿಯನ್ನಷ್ಟೇ ಕತ್ತರಿಸಿ, ಹೊಸ ಓಕ್ ತುಂಡಿಗೆ ಹಲ್ಲು ಕೊರೆದು, ಒಂದೂ ಮೊಳೆ ಹೊಡೆಯದೆ ಹಳೆಯದಕ್ಕೆ ಕೂಡಿಸಿದಳು. ಮಿಕ್ಕ ಕಂಬ ನಾನೂರು ವರ್ಷದ ಹಿಂದಿನದೇ. ಕೆಲಸ ಮುಗಿದ ದಿನ ಅನತೋಲ್ ಬೆರಳಿಟ್ಟು ನೂಕಿದ. ತಿರುಗಿತು. ಮರುದಿನ ಅವಳು ಉಳಿದುಕೊಂಡಿದ್ದ ಕೋಣೆಯ ಮೆಟ್ಟಿಲ ಮೇಲೆ ಒಂದು ಬಾಟಲಿ ಸೇಬಿನ ಬ್ರಾಂದಿ ಇತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಗೋಪುರವೇನೋ ಎದ್ದು ನಿಂತಿತು. ಹಕ್ಕಿ?

ಎಸ್ಟೇಟಿನ ಯಜಮಾನಿ ಮದಾಂ ಸೊಲಾಂಜ್ ಎಂಬತ್ತರ ಹತ್ತಿರದವರು. ಎಲ್ಲ ವ್ಯವಹಾರ ಅವರ ತಮ್ಮನ ಮಗ ತಿಬೋ ನೋಡಿಕೊಳ್ಳುತ್ತಿದ್ದ. ಅವನು ಕೆಟ್ಟವನಲ್ಲ. ಖಾಲಿ ಗೋಪುರ ನೋಡಿ ಅವನಿಗೊಂದು ಯೋಚನೆ ಬಂದಿತ್ತು: ನೆಲಕ್ಕೆ ಹಲಗೆ ಹಾಸಿ, ಕಂಬವನ್ನು ಅಲುಗಾಡದಂತೆ ಬಿಗಿದು, ಗೂಡುಗಳಲ್ಲಿ ದೀಪ ಇಟ್ಟು, ಮದುವೆಯ ಊಟಕ್ಕೆ ಬಾಡಿಗೆಗೆ ಕೊಡುವುದು. ಜುಲೈ ಮೊದಲ ಭಾನುವಾರ ಒಂದು ಜೋಡಿ ನೋಡಲು ಬರುವುದಿತ್ತು.

ಮದಾಂ ಸೊಲಾಂಜ್ ಅನತೋಲನನ್ನು ಕರೆಸಿ ನನ್ನೆದುರಿಗೇ ಹೇಳಿದರು: "ನೋಡಪ್ಪ ಅನತೋಲ್, ಜೂನ್ ಮುಗಿಯೋದ್ರೊಳಗೆ ಹಕ್ಕಿ ನಿಂತ್ರೆ ಅದು ಹಕ್ಕಿಗಳ ಮನೆ. ನಾನಿರೋವರೆಗೂ ಯಾರೂ ಮುಟ್ಟಲ್ಲ. ನಿಲ್ಲದಿದ್ರೆ ಮಾತ್ರ, ಹುಡುಗನಿಗೆ ಬೇಡ ಅನ್ನೋಕೆ ನನ್ನ ಹತ್ರ ಕಾರಣ ಇಲ್ಲ."

"ಸರಿ ಅಮ್ಮಾವ್ರೇ" ಎಂದ ಅನತೋಲ್. ಹೊರಗೆ ಬಂದ ಮೇಲೆ ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಅರ್ಧ ದಾರಿ ನಡೆದ.

ಮೂವತ್ತು ಕಿಲೋಮೀಟರ್ ಆಚೆಯ ಕಣಿವೆಯಲ್ಲಿ ಗಾಸ್ಪಾರ್ ಎಂಬ ಅವನ ಗೆಳೆಯನಿದ್ದ. ಅವನ ಹತ್ತಿರದಿಂದ ಅರವತ್ತು ಎಳೆಯ ಪಾರಿವಾಳ ತಂದ. ಬುಟ್ಟಿಗಳನ್ನು ವ್ಯಾನಿನಿಂದ ಇಳಿಸಲು ತಿಬೋನೇ ಕೈಹಾಕಿದ. ಅನತೋಲ್ ನೆತ್ತಿಯ ಕಿಟಕಿ ಮುಚ್ಚಿ, ಹಕ್ಕಿಗಳನ್ನು ಮೂರು ವಾರ ಒಳಗೇ ಇಟ್ಟು ಕಾಳು ನೀರು ಕೊಟ್ಟ. ಜೇಡಿಮಣ್ಣು, ಉಪ್ಪು, ಜೀರಿಗೆ ಕಲಸಿ ರೊಟ್ಟಿಯ ಹಾಗೆ ತಟ್ಟಿ, ಒಲೆಯಲ್ಲಿ ಸುಟ್ಟು ಒಳಗೆ ತೂಗುಹಾಕಿದ. ಉಪ್ಪೆಂದರೆ ಪಾರಿವಾಳಕ್ಕೆ ಪ್ರಾಣ. ಅವನ ಮನೆಯೆಲ್ಲ ಜೀರಿಗೆ ವಾಸನೆ. ದಿನಕ್ಕೆರಡು ಸಲ ಆ ಗಿಡ್ಡ ಬಾಗಿಲು ತಟ್ಟುವ ಸದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಎರಡು, ಒಂದು ಉಸಿರು, ಮತ್ತೊಂದು.

ಈಗ ಕಿಟಕಿ ತೆರೆಯಬೇಕಿತ್ತು. ಅದಕ್ಕೇ ಮಳೆ ಬೇಕಿದ್ದದ್ದು. ಬೇರೆ ಕಡೆಯಿಂದ ತಂದ ಹಕ್ಕಿಗೆ ಮೊದಲ ಸಲ ಬಾಗಿಲು ತೆರೆಯುವುದು ಮಳೆ ಬರುವ ಸಂಜೆ, ಕತ್ತಲಾಗಲು ಎರಡು ಮೂರು ಗಂಟೆ ಇರುವಾಗ. ಜೂನಿನಲ್ಲಿ ನಮ್ಮ ಕಡೆ ಹತ್ತು ಗಂಟೆಯವರೆಗೂ ಬೆಳಕಿರುತ್ತದೆ. ಅನತೋಲನ ಅಜ್ಜ ಹಾಗೆ ಮಾಡಿದ್ದರು, ಅವರ ಅಜ್ಜನೂ ಹಾಗೆಯೇ. ಒಳ್ಳೆ ಬಿಸಿಲಿನ ದಿನ ತೆರೆದರೆ ಹಕ್ಕಿ ಮೇಲೇರಿ ಒಂದು ಸುತ್ತು ಹಾಕಿ ಹುಟ್ಟಿದೂರಿನ ದಿಕ್ಕು ಹಿಡಿಯುತ್ತದೆ. ಮಳೆಯ ಸಂಜೆಯಾದರೆ ದೂರ ಹೋಗುವುದಿಲ್ಲ. ಛಾವಣಿಯ ಮೇಲೆ ಕೂತು ಸುತ್ತ ನೋಡುತ್ತದೆ, ರೆಕ್ಕೆ ತೋಯುತ್ತದೆ, ಒಳಗಿನ ಬೆಚ್ಚಗಿನ ಗೂಡು ನೆನಪಾಗುತ್ತದೆ. ತಾನಾಗಿಯೇ ಒಂದು ಸಲ ಒಳಗೆ ಬಂದ ಹಕ್ಕಿಗೆ ಅದು ಮನೆ.

ವರ್ಷಕ್ಕೆ ಮುನ್ನೂರು ದಿನ ಕೊಡೆ ಹಿಡಿದು ಓಡಾಡುವ ನಮ್ಮೂರಿನಲ್ಲಿ ಆ ಜೂನ್ ಇಪ್ಪತ್ತು ದಾಟಿದರೂ ಒಂದು ಹನಿ ಬೀಳಲಿಲ್ಲ.

ಇಪ್ಪತ್ತನಾಲ್ಕನೇ ತಾರೀಕು ರೌಲ್ ದನಗಳಿಗೆ ನೀರು ಒಯ್ಯುವ ಟ್ಯಾಂಕರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. "ಅಜ್ಜಾ, ಪೈಪು ಹಿಡಿದು ಛಾವಣಿ ಮೇಲೆ ಬಿಡ್ತೀನಿ. ಮಳೆ ಅಂದ್ಕೊಂಡು ಒಳಗೆ ಹೋಗ್ತವೆ."

"ಪಾರಿವಾಳ ಅಂದ್ರೆ ಏನು, ಪ್ಯಾರಿಸ್‌ನೋರು ಅಂದ್ಕೊಂಡ್ಯಾ? ಒಂದು ಕಡೆ ಬಿಸಿಲು, ಒಂದು ಕಡೆ ನಿನ್ನ ಪೈಪು! ನಿನ್ನನ್ನ ನೋಡಿ ಇಂಗ್ಲೆಂಡಿಗೇ ಹಾರ್ತವೆ."

"ಉಪಕಾರ ಮಾಡೋಕೆ ಬಂದ್ರೆ ಬೈಸ್ಕೊಂಡು ಹೋಗ್ಬೇಕು" ಎಂದು ಗೊಣಗುತ್ತ ರೌಲ್ ಟ್ಯಾಂಕರ್ ತಿರುಗಿಸಿದ. ಹೋಗುವ ಮೊದಲು ನನ್ನ ಒಣಗಿದ ಗುಲಾಬಿಗಳಿಗೆಲ್ಲ ನೀರು ಬಿಟ್ಟುಹೋದ. ನಾನು ಕೇಳಿರಲೂ ಇಲ್ಲ.

ಇಪ್ಪತ್ತೆಂಟನೆಯ ತಾರೀಕು ಮಧ್ಯಾಹ್ನ ಗಾಳಿ ಪಶ್ಚಿಮಕ್ಕೆ ತಿರುಗಿತು. ಸಮುದ್ರದ ವಾಸನೆ ಬಂತು. ನಾಲ್ಕು ಗಂಟೆಗೆ ಆಕಾಶದ ಅಂಚಿನಲ್ಲಿ ಒಂದು ನೀಲಿ ಗೆರೆ. ಐದಕ್ಕೆ ಅದು ಗೋಡೆಯಾಯಿತು. ಅನತೋಲ್ ನನ್ನ ಅಂಗಳದಲ್ಲಿ ನಿಂತು ಅದನ್ನು ನೋಡುತ್ತಿದ್ದ. ಅವನ ಕಣ್ಣಿನಲ್ಲಿ ನೀರಿತ್ತು.

"ಎಂಟಕ್ಕೆ ಬರುತ್ತೆ ಟೀಚರಮ್ಮ. ಸರಿಯಾಗಿ ಎಂಟಕ್ಕೆ! ಏಳೂವರೆಗೆ ಕಿಟಕಿ ತೆಗೀತೀನಿ."

ಆಗ ರೌಲ್ ಓಡಿಬಂದ. ಅವನು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನ ದೊಡ್ಡ ಹುಲ್ಲುಗಾವಲಿನಲ್ಲಿ ಆರುನೂರು ಕಂತೆ ಹುಲ್ಲು ಕಟ್ಟಿ ಬಿದ್ದಿತ್ತು. ಕುದುರೆ ಸಾಕುವವರಿಗೆ ಮಾರುವ ಹುಲ್ಲು, ಕೈಯಲ್ಲೇ ಎತ್ತಿ ಹೇರಬೇಕಾದ ಸಣ್ಣ ಕಂತೆಗಳು. ಒಂದು ಮಳೆ ಬಿದ್ದರೆ ಮುಗಿಯಿತು, ಬೂಷ್ಟು ಹಿಡಿದ ಹುಲ್ಲನ್ನು ಕುದುರೆ ಮೂಸುವುದೂ ಇಲ್ಲ. ಆದರೆ ಅವನು ಬಂದು ಹೇಳಿದ್ದು ಬೇರೆ.

"ಅಜ್ಜಾ, ನಿಮ್ಮ ಮಳೆ ಬಂತು. ಹೋಗಿ, ಹಕ್ಕಿ ಬಿಡಿ. ಅದನ್ನ ಹೇಳೋಣ ಅಂತ ಬಂದೆ."

ಅನತೋಲ್ ಅವನನ್ನೇ ನೋಡಿದ. "ನಿನ್ನ ಹುಲ್ಲು?"

"ಎಲ್ಲಾರೂ ಬಂದಿದಾರೆ. ತಿಬೋ ಕೂಡ ಬಂದಿದಾನೆ, ಬಿಳೀ ಶೂ ಹಾಕ್ಕೊಂಡು. ಆಗುತ್ತೆ ಬಿಡಿ."

"ಟ್ರಾಕ್ಟರ್ ಯಾರು ಓಡಿಸ್ತಿದಾರೆ?"

ರೌಲ್ ಹೊಲದ ಕಡೆ ತಿರುಗಿದ. "ನಮ್ಮ ಅಳಿಯ ಕೈ ಉಳುಕಿಸ್ಕೊಂಡಿದಾನೆ. ನನ್ನ ಹೆಂಡ್ತಿ ಓಡಿಸ್ತಾಳೆ."

"ಆ ಟ್ರಾಕ್ಟರನ್ನಾ? ಎರಡನೇ ಗೇರಿಗೆ ಹಾಕೋವಾಗ ಮೊದಲು ಬೈಬೇಕು, ಆಮೇಲೆ ಹಿಂದಕ್ಕೆ ಎಳೀಬೇಕು. ಅವಳು ಒಳ್ಳೆ ಹೆಂಗಸು, ಬೈಯೋಕೆ ಬರಲ್ಲ. ಮೊದಲನೇ ತಿರುವಲ್ಲೇ ಹಳ್ಳಕ್ಕೆ ಇಳಿಸ್ತಾಳೆ."

ಆ ಟ್ರಾಕ್ಟರ್ ಹಿಂದೆ ಎಸ್ಟೇಟಿನದಾಗಿತ್ತು. ಮೂವತ್ತು ವರ್ಷ ಅದನ್ನು ಓಡಿಸಿದವನು ಅನತೋಲ್. ಅದರ ಮನಸ್ಸು ಅವನೊಬ್ಬನಿಗೇ ಗೊತ್ತಿತ್ತು.

ಅವನು ಆಕಾಶ ನೋಡಿದ, ಗೋಪುರ ನೋಡಿದ. ಜೇಬಿನಿಂದ ಕೀಲಿಕೈ ತೆಗೆದ. ನನ್ನ ಅಂಗೈಯಷ್ಟು ಉದ್ದದ, ಸವೆದು ಹೊಳೆಯುವ ಕಬ್ಬಿಣದ ಕೀಲಿಕೈ. ನಲವತ್ತು ವರ್ಷದಲ್ಲಿ ಅದನ್ನು ಅವನು ಬೇರೆಯವರ ಕೈಗೆ ಕೊಟ್ಟದ್ದನ್ನು ಯಾರೂ ಕಂಡಿಲ್ಲ. ಅದನ್ನು ನನ್ನ ಕೈಯಲ್ಲಿಟ್ಟ.

"ನನ್ನ ತಟ್ಟೋ ಸದ್ದಿಗೆ ಹೊಂದ್ಕೊಂಡಿದಾವೆ. ಬೇರೆ ಥರ ತಟ್ಟಿದ್ರೆ ಹೆದರ್ತವೆ. ನೀನು ದಿನಾ ಕೇಳಿದೀಯಲ್ಲ?"

"ಏಳು ವರ್ಷದೋಳಿದ್ದಾಗ್ಲೇ ಕೇಳಿದೀನಿ."

"ಮತ್ತಿನ್ನೇನು. ಆ ಮರದ ಡಾಕ್ಟ್ರು ಹುಡುಗಿ ಮೇಲೆ ಹತ್ತಲಿ. ಏಳೂವರೆಗೆ."

"ಅಜ್ಜಾ, ಬೇಡ" ಎಂದ ರೌಲ್. ಅವನ ದೊಡ್ಡ ಗಂಟಲು ಎಲ್ಲಿ ಹೋಯಿತೋ. "ಇವತ್ತು ತಪ್ಪಿದ್ರೆ ನಿಮಗೆ ಇನ್ನು ಎರಡೇ ದಿನ."

"ಇವತ್ತು ತಪ್ಪಿದ್ರೆ ನಿನಗೆ ಇನ್ನೊಂದು ವರ್ಷ. ನಡಿ, ಬಾಯಿ ಮುಚ್ಕೊಂಡು ನಡಿ."

ಇಬ್ಬರೂ ಓಡಿದರು. ಎಪ್ಪತ್ತೆರಡು ವರ್ಷದ ಅನತೋಲ್ ಮುಂದೆ, ಐವತ್ತರ ರೌಲ್ ಹಿಂದೆ.

ಮಾಯೆಲ್ ಆಗ ಎಸ್ಟೇಟಿನಲ್ಲೇ ಸೇಬು ಹಿಂಡುವ ಕೊಟ್ಟಿಗೆಯ ಮಾಡು ಸರಿಮಾಡುತ್ತಿದ್ದಳು. ಕರೆದ ಕೂಡಲೇ ಉಳಿ ಕೆಳಗಿಟ್ಟು, ಕೈ ತೊಳೆದು, ಕೂದಲು ಕಟ್ಟಿಕೊಂಡು ಬಂದಳು. "ಯಾರ ಮನೆಗೋ ಊಟಕ್ಕೆ ಹೋಗೋ ಹಾಗೆ ಬಂದಿದೀನಿ ನೋಡಿ ಟೀಚರ್" ಎಂದಳು.

ಏಳೂವರೆಗೆ ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಗಾಳಿ ನಿಂತಿತ್ತು. ದೂರದಲ್ಲಿ ಟ್ರಾಕ್ಟರಿನ ಸದ್ದು, ನಡುನಡುವೆ ಅನತೋಲನ ಬೈಗುಳ. ನಾನು ಕೀಲಿಕೈ ತಿರುಗಿಸಿದೆ. ಬಾಗಿಲ ಮುಂದೆ ನಿಂತೆ. ಎಷ್ಟೋ ಪರೀಕ್ಷೆ ಬರೆದಿದ್ದೇನೆ, ಎಷ್ಟೋ ಜನಕ್ಕೆ ಬರೆಸಿದ್ದೇನೆ. ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಬೆರಳು ಮಡಿಚಿ ತಟ್ಟಿದೆ. ಎರಡು ಸಲ. ಉಸಿರು ಎಳೆದುಕೊಂಡೆ. ಮತ್ತೊಂದು ಸಲ.

ಒಳಗೆ ರೆಕ್ಕೆಗಳ ಸಣ್ಣ ಸರಸರ. ಆಮೇಲೆ ಸುಮ್ಮನಾಯಿತು. ಒಂದು ಪಾರಿವಾಳ ಗುಟುಗುಟು ಎಂದಿತು, ಒಳಗಿನಿಂದ ಯಾರೋ "ಬನ್ನಿ" ಎಂದ ಹಾಗೆ.

ನಾವು ತಲೆ ಬಗ್ಗಿಸಿ ಒಳಗೆ ಹೋದೆವು. ಮಾಯೆಲ್ ಏಣಿ ಹತ್ತಿದಳು, ಒಂದೊಂದು ಮೆಟ್ಟಿಲಿಗೂ ಅಂಗಾಲನ್ನು ಮೆಲ್ಲಗೆ ಊರಿ. ಅರ್ಧ ದಾರಿಯಲ್ಲಿ ಗೋಡೆಗೆ ಬೆರಳು ತಾಗಿಸಿದಳು. ಕಂಬ ತಿರುಗಿತು. ತಾನೇ ಕೂಡಿಸಿದ ಆ ಬುಡದ ಮೇಲೆ ತಾನೇ ತೇಲುತ್ತ, ಗೂಡುಗಳ ಸಾಲಿನ ಮುಂದೆ, ಅರವತ್ತು ಹಕ್ಕಿಗಳ ಕಣ್ಣೆದುರಿಗೆ ಅವಳು ಸದ್ದಿಲ್ಲದೆ ಹಾದುಹೋದಳು. ಒಂದು ಹಕ್ಕಿಯೂ ಎದ್ದು ಹಾರಲಿಲ್ಲ. ನೆತ್ತಿಗೆ ಮುಟ್ಟಿ ಕಿಟಕಿಯ ಹಲಗೆಗಳನ್ನು ಒಂದೊಂದಾಗಿ ಸರಿಸಿದಳು. ಬೆಳಕು ಒಳಗೆ ಬಿತ್ತು.

ಇಳಿದು ಬಂದು ಬಾಗಿಲು ಎಳೆದುಕೊಂಡು, ನನ್ನ ಮನೆಯ ಬೇಲಿಯ ಪಕ್ಕ ನಿಂತೆವು. ಮದಾಂ ಸೊಲಾಂಜ್ ಕೋಲೂರಿಕೊಂಡು ಬಂದು ನಮ್ಮ ಜೊತೆ ನಿಂತರು.

ಮೊದಲು ಒಂದು ಬೂದು ಹಕ್ಕಿ ಹೊರಗೆ ಬಂತು. ಕಿಟಕಿಯ ಅಂಚಿನಲ್ಲಿ ನಿಂತು ಕತ್ತು ಕೊಂಕಿಸಿ ಆಕಾಶ ನೋಡಿತು. ಆಮೇಲೆ ಎರಡು, ಆಮೇಲೆ ಐದಾರು. ಸ್ವಲ್ಪ ಹೊತ್ತಿಗೆ ಛಾವಣಿಯ ಮೇಲೆಲ್ಲ ಹಕ್ಕಿಗಳೇ. ಕಪ್ಪು ಸ್ಲೇಟುಕಲ್ಲುಗಳ ಮೇಲೆ ಬಿಳಿ, ಬೂದು, ಕಂದು ಹಕ್ಕಿಗಳು. ಎರಡು ವರ್ಷದಿಂದ ಬರಿದಾಗಿದ್ದ ಮುಖಕ್ಕೆ ಜೀವ ಬಂದ ಹಾಗಿತ್ತು. ಮದಾಂ ಸೊಲಾಂಜ್ ನನ್ನ ತೋಳು ಹಿಡಿದುಕೊಂಡರು.

ಮೊದಲ ದೊಡ್ಡ ಹನಿಗಳು ಬಿದ್ದವು.

ಆಗಲೇ ನನಗೆ ನೆನಪಾದದ್ದು. ರೌಲನ ಹುಲ್ಲಿನ ಕೊಟ್ಟಿಗೆಗೆ ಹೋಗುವ ದಾರಿ ಗೋಪುರದ ಪಕ್ಕದಲ್ಲೇ. ಆ ಟ್ರಾಕ್ಟರಿನ ಸದ್ದು ಸತ್ತವರನ್ನೂ ಎಬ್ಬಿಸುವಂಥದು. ಮೊದಲ ಗಾಡಿಗಳು ನಾವು ಕಿಟಕಿ ತೆಗೆಯುವ ಮುಂಚೆಯೇ ಹೋಗಿದ್ದವು. ಇನ್ನೊಂದು ಗಾಡಿ ಬರಬೇಕಿತ್ತು. ಅದು ಬರುತ್ತಿರುವ ಸದ್ದೂ ಕೇಳಿಸಿತು. ಮಾಯೆಲ್ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಛಾವಣಿಯ ಮೇಲೆ ಹಕ್ಕಿಗಳ ಕತ್ತುಗಳೆಲ್ಲ ಒಂದೇ ಸಲ ಎದ್ದವು.

ತಿರುವಿನ ಹತ್ತಿರ ಸದ್ದು ಇದ್ದಕ್ಕಿದ್ದಂತೆ ನಿಂತಿತು.

ಏನಾಯಿತೆಂದು ಗೊತ್ತಾಗಲಿಲ್ಲ. ಮಳೆ ಹನಿ ದಪ್ಪವಾಗುತ್ತಿತ್ತು. ಕೊಂಚ ಹೊತ್ತಿನ ಮೇಲೆ ಬೇಲಿಯ ಮರೆಯಿಂದ ಹುಲ್ಲಿನ ಗುಡ್ಡವೊಂದು ಮೆಲ್ಲಗೆ, ಸದ್ದಿಲ್ಲದೆ ತೇಲಿಬಂತು. ಟ್ರಾಕ್ಟರನ್ನು ಬಿಚ್ಚಿ ಅಲ್ಲೇ ಬಿಟ್ಟಿದ್ದರು. ಎಂಟು ಹತ್ತು ಜನ ಗಾಡಿಗೆ ಭುಜ ಕೊಟ್ಟು ನೂಕುತ್ತಿದ್ದರು. ಹುಲ್ಲಿನ ಮೇಲೆ ಒಂದು ತಾಡಪತ್ರಿ, ಅದೂ ಪೂರ್ತಿ ಮುಚ್ಚಿರಲಿಲ್ಲ. ಮೂಕಿ ಹಿಡಿದು ಮುಂದೆ ಎಳೆಯುತ್ತಿದ್ದವನು ರೌಲ್. ಅವನ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಹಿಂದೆ ಯಾರೋ ಎಡವಿ ಏನೋ ಅಂದರು. ರೌಲ್ ತಿರುಗಿ, ಹುಟ್ಟಿದಾರಭ್ಯ ಪಿಸುಮಾತು ಆಡಿಯೇ ಇರದ ಆ ಮನುಷ್ಯ, ಪಿಸುಗುಟ್ಟಿದ: "ಶ್! ಹಕ್ಕಿ ಕೂತಿದಾವೆ. ಬಾಯಿ ಬಿಟ್ಟೋನ ಹಲ್ಲು ಮುರೀತೀನಿ."

ಟ್ರಾಕ್ಟರಿನಲ್ಲಿ ಎಳೆದಿದ್ದರೆ ಆ ಗಾಡಿ ಮಳೆಗೆ ಮೊದಲೇ ಕೊಟ್ಟಿಗೆ ಸೇರುತ್ತಿತ್ತು. ಹೀಗೆ ನೂಕಿಕೊಂಡು ಹೋಗಿದ್ದರಿಂದ ಮೇಲಿನ ಎರಡು ಸಾಲು ಕಂತೆ ತೋಯ್ದವು. ಅನತೋಲ್ ಗಾಡಿಯ ಹಿಂದೆ ಭುಜ ಕೊಟ್ಟಿದ್ದ. ಅವನ ಪಕ್ಕದಲ್ಲಿ ತಿಬೋ, ಶೂ ಯಾವ ಬಣ್ಣದ್ದೆಂದು ಈಗ ಹೇಳುವಂತಿರಲಿಲ್ಲ. ಗೋಪುರದ ಕೆಳಗೆ ಹಾದುಹೋಗುವಾಗ ಎಲ್ಲರೂ ತಲೆಯೆತ್ತಿ ನೋಡಿದರು. ಹಕ್ಕಿಗಳೂ ಬಗ್ಗಿ ಅವರನ್ನು ನೋಡಿದವು.

ಗಾಡಿ ಕೊಟ್ಟಿಗೆ ಸೇರುವ ಹೊತ್ತಿಗೆ ಮಳೆ ಜೋರಾಯಿತು. ಆ ಮೊದಲ ಬೂದು ಹಕ್ಕಿಯೇ ಮೈ ಕೊಡವಿಕೊಂಡು ಕಿಟಕಿಯೊಳಗೆ ನುಸುಳಿತು. ಆಮೇಲೆ ಒಂದರ ಹಿಂದೆ ಒಂದು. ಛಾವಣಿ ಖಾಲಿಯಾಗಿ ಬರೀ ಮಳೆ ಹೊಳೆಯತೊಡಗಿತು. ಅನತೋಲ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತೋಯುತ್ತಲೇ ಇದ್ದ. ರೌಲ್ ಅವನನ್ನು ಒಳಗೆ ಎಳೆದುಕೊಂಡು ತನ್ನ ಕೋಟು ಹೊದಿಸಿದ.

ಮರುದಿನವೂ ಮಳೆ. ಮೂರನೆಯ ದಿನ, ಜೂನ್ ಮೂವತ್ತು, ಬಿಸಿಲು ಬಂತು. ಅದೇ ನಿಜವಾದ ಪರೀಕ್ಷೆ. ಬೆಳಿಗ್ಗೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಗೋಪುರದ ಮೇಲೆ ಒಂದು ಸುತ್ತು, ಎರಡು ಸುತ್ತು ಹಾಕಿ, ಚರ್ಚಿನ ಆಚೆ ಮರೆಯಾದವು. ಅನತೋಲ್ ಇಡೀ ದಿನ ನನ್ನ ಅಡುಗೆಮನೆಯಲ್ಲಿ ಕೂತಿದ್ದ. ಮೊಲದ ಸಾರು ಬಡಿಸಿದರೆ ತಟ್ಟೆಯಲ್ಲಿ ಚಮಚ ಆಡಿಸಿದ. "ಗಾಸ್ಪಾರ್‌ನ ಮನೆ ಎಷ್ಟು ಹೊತ್ತು ಹಾರೋ ದಾರಿ?" ಎಂದು ಕೇಳಿದೆ. ಕೇಳಬಾರದಿತ್ತು. "ಅರ್ಧ ಗಂಟೆ" ಎಂದ.

ಸಂಜೆ ಏಳಕ್ಕೆ ಬೂದು ಹಕ್ಕಿ ಬಂತು. ಎಂಟರ ಹೊತ್ತಿಗೆ ಛಾವಣಿ ತುಂಬಿತು. ಅನತೋಲ್ ತುಟಿ ಅಲ್ಲಾಡಿಸುತ್ತ ಎಣಿಸಿದ. ಐವತ್ತೊಂಬತ್ತು. ಮತ್ತೆ ಎಣಿಸಿದ. ಐವತ್ತೊಂಬತ್ತೇ. ಆಗ ನನ್ನ ಮನೆಯ ಫೋನು ಹೊಡೆಯಿತು. ಗಾಸ್ಪಾರ್.

"ಅನತೋಲ್ ಇದಾನಾ ಅಲ್ಲಿ? ಅವನಿಗೆ ಹೇಳಿ ಮೇಡಂ, ಅವನ ಕಡೆಯೋಳು ಒಬ್ಳು ತವರಿಗೆ ಬಂದಿದಾಳೆ. ಗಂಡನ ಮನೇಲಿ ಉಪ್ಪು ಜಾಸ್ತಿ ಅಂತ ದೂರು ಹೇಳ್ತಿದಾಳೆ."

ಅನತೋಲ್ ನಕ್ಕ. ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ನಕ್ಕ. ಅದರಲ್ಲಿ ಅಳುವೂ ಇತ್ತು.

ಜುಲೈ ಮೊದಲ ಭಾನುವಾರ ಆ ಮದುವೆಯ ಜೋಡಿ ಬಂದಿತು. ತಿಬೋ ಅವರಿಗೆ ಲಿಂಡೆನ್ ಮರಗಳ ಕೆಳಗಿನ ಹುಲ್ಲುಹಾಸು ತೋರಿಸಿದ, ಮಾಯೆಲ್ ಸರಿಮಾಡಿದ ಸೇಬಿನ ಕೊಟ್ಟಿಗೆ ತೋರಿಸಿದ, ಊಟಕ್ಕೆ ಅದೇ ನಿಶ್ಚಯವಾಯಿತು. ಆಮೇಲೆ ಹುಡುಗಿ ಗೋಪುರದ ಕಡೆ ಕೈ ತೋರಿಸಿದಳು. ನಾನು ಕಿಟಕಿಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಆ ಗಿಡ್ಡ ಬಾಗಿಲ ಮುಂದೆ ತಿಬೋ ನಿಂತು, ಅವರಿಬ್ಬರನ್ನೂ ಕೈಸನ್ನೆಯಲ್ಲಿ ತಡೆದು, ಬೆರಳು ಮಡಿಚಿದ. ಎರಡು ಸಲ ತಟ್ಟಿದ. ಕಾದ. ಮತ್ತೊಂದು ಸಲ.

ಅನತೋಲ್ ನನ್ನ ಹಿಂದೆ ಮೇಜಿನ ಮುಂದೆ ಕೂತು ಕಾಫಿ ಕುಡಿಯುತ್ತಿದ್ದ. ಕೀಲಿಕೈಯನ್ನು ನಾನು ಆ ರಾತ್ರಿಯೇ ವಾಪಸ್ ಕೊಟ್ಟಿದ್ದೆ. ಅವನು ಮೂರು ದಿನ ಇಟ್ಟುಕೊಂಡು, ಮತ್ತೊಂದು ಮಾಡಿಸಿಕೊಂಡು ಬಂದು, ಹಳೆಯದನ್ನೇ ನನ್ನ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಹೋಗಿದ್ದ.

"ಹುಡುಗ ಚೆನ್ನಾಗಿ ತಟ್ತಾನೆ" ಎಂದ.

"ನಾನು?"

ಅವನು ಬಟ್ಟಲು ಕೆಳಗಿಟ್ಟ. "ಗಾಡಿ ಹೇರ್ತಾ ಇದ್ದಾಗ ಕೇಳಿಸ್ತು ನಂಗೆ. ಗಾಳಿ ನಿಂತಿತ್ತಲ್ಲ. ನಿನ್ನ ಮೂರನೇದು ಸ್ವಲ್ಪ ತಡ ಆಯ್ತು ಟೀಚರಮ್ಮ."

"ಅಷ್ಟು ದೂರಕ್ಕೆ ಕೇಳ್ಸುತ್ತಾ? ಸುಳ್ಳು."

"ತಡ ಆಯ್ತು" ಎಂದ ಅವನು. "ಅವು ಏನೂ ಅಂದ್ಕೊಂಡಿಲ್ಲ ಬಿಡು."